ರೋಲರ್ ಮೇಲೆ ಎಷ್ಟು ಭಾರ ಹಾಕಬೇಕು?

ಮುಂಬಯಿಯಲ್ಲಿ ಚಳಿಗಾಲ ಅಂತ ಒಂದು ಇದ್ದರೆ ಅದು ಮ್ಯಾರಥಾನ್ ಕಾಲ. ಜನವರಿಯ ಓಟ ಹತ್ತಿರ ಬಂದಂತೆ ಡೊಂಬಿವಲಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುವವರ ದೂರುಗಳು ಬದಲಾಗುತ್ತವೆ. ಮಳೆಗಾಲದಲ್ಲಿ ಜಾರಿ ಬಿದ್ದ ಮಣಿಕಟ್ಟು, ಲೋಕಲ್ ರೈಲಿನಲ್ಲಿ ನಿಂತು ನಿಂತು ಸೆಟೆದ ಸೊಂಟ. ನವೆಂಬರ್ ಕಳೆದರೆ ಸಾಕು, ಮೀನಖಂಡ, ತೊಡೆ, ಹಿಮ್ಮಡಿಗಳ ಸರದಿ. ಈಚಿನ ಕೆಲವು ವರ್ಷಗಳಲ್ಲಿ ಇದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ತೊಡೆಯ ಹೊರಬದಿಯಲ್ಲಿ ಅಂಗೈ ಅಗಲದ ನೀಲಿ ಕಲೆ. ಬಿದ್ದಿರಾ ಎಂದು ಕೇಳಿದರೆ ಇಲ್ಲ. ಎಲ್ಲಾದರೂ ತಾಗಿಸಿಕೊಂಡಿರಾ? ಅದೂ ಇಲ್ಲ. "ರೋಲರ್ ಮಾಡಿದ್ದು ಡಾಕ್ಟ್ರೇ" ಎನ್ನುತ್ತಾರೆ, ಸ್ವಲ್ಪ ಹೆಮ್ಮೆಯಿಂದಲೇ.

ಫೋಮ್ ರೋಲರ್ ಎಂದರೇನು ಎಂದು ಮೆಟ್ರೋ ಊರುಗಳಲ್ಲಿ ಈಗ ಹೇಳಬೇಕಾಗಿಲ್ಲ. ಜಿಮ್ಮಿನ ಮೂಲೆಯಲ್ಲಿ ಬಿದ್ದಿರುವ, ಸುಮಾರು 15 ಸೆಂಟಿಮೀಟರ್ ದಪ್ಪದ ಆ ಉರುಳೆಯೇ ಅದು. ಅದನ್ನು ನೆಲದ ಮೇಲಿಟ್ಟು, ಅದರ ಮೇಲೆ ಮೈಯ ಭಾರ ಬಿಟ್ಟು, ಹಿಂದೆ ಮುಂದೆ ಉರುಳಿ ಸ್ನಾಯುಗಳನ್ನು ಸಡಿಲಿಸುವುದು ಪದ್ಧತಿ. ಆಫೀಸಿನ ಗೆಳೆಯರ ಜೊತೆ ಓಡಲು ಶುರುಮಾಡಿದವರು ಬೂಟಿನ ನಂತರ ಕೊಳ್ಳುವ ಎರಡನೆಯ ವಸ್ತು ಇದೇ ಇರಬೇಕು. ಕೊಳ್ಳುವಾಗ ಬಣ್ಣ, ಉದ್ದ, ಗಟ್ಟಿತನ ಎಲ್ಲ ವಿಚಾರಿಸುತ್ತಾರೆ. ಎಷ್ಟು ಭಾರ ಹಾಕಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಅನುಭವದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ.

ಕೇಳದಿರುವುದಕ್ಕೆ ಕಾರಣವಿದೆ. ನೋವಾದರೇನೇ ಕೆಲಸ ಆಗುತ್ತಿದೆ ಎನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಔಷಧ ಕಹಿಯಿದ್ದರೇ ಔಷಧ, ಮಾಲೀಶು ಮಾಡುವವನು ಅರಚಿಸಿದರೇ ಮಾಲೀಶು. ಒಬ್ಬ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ ಕಡೆಯವರು, ಟವೆಲ್ ಕಚ್ಚಿಕೊಂಡು ರೋಲರ್ ಮಾಡುತ್ತಿದ್ದರು. "ಇಲ್ರೀ ಮೇಡಂ, ಕಣ್ಣಾಗ ನೀರ್ ಬಂದ್ರನ ಗಂಟು ಒಡೀತದ ಅಂತ ನಮ್ ಗ್ರೂಪ್ನ್ಯಾಗ ಹೇಳ್ಯಾರ್ರೀ" ಅಂದರು. ಅವರ ಹೆಂಡತಿ ಪಕ್ಕದಲ್ಲೇ ಕೂತಿದ್ದರು. "ನಾ ಹೇಳಿದ್ರ ಕೇಳೂದಿಲ್ರಿ, ನೀವರ ಹೇಳ್ರಿ ಅಕ್ಕಾರ" ಎಂದು ನನ್ನ ಕಡೆ ನೋಡಿದರು.

ಆದರೆ ನಮ್ಮ ಹಿರಿಯರಿಗೆ ಒತ್ತಡದ ಲೆಕ್ಕ ಗೊತ್ತಿರಲಿಲ್ಲ ಎಂದಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಅಜ್ಜ ಹೊಲದಿಂದ ಬಂದು ಬೋರಲು ಮಲಗಿ ಮೊಮ್ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುತ್ತಿದ್ದರು. ನಿಮ್ಮಲ್ಲೂ ಅನೇಕರು ಹೀಗೆ ತುಳಿದಿರುತ್ತೀರಿ. ಈಗ ಯೋಚಿಸಿದರೆ ಅದರಲ್ಲಿ ಮೂರು ಜಾಣತನಗಳು ಕಾಣುತ್ತವೆ. ತುಳಿಯಲು ಕರೆಯುತ್ತಿದ್ದದ್ದು ಇಪ್ಪತ್ತು ಕಿಲೋ ತೂಗುವ ನಮ್ಮನ್ನು, ಎಪ್ಪತ್ತು ಕಿಲೋ ತೂಗುವ ಕಾಕಾನನ್ನಲ್ಲ. ನಾವು ಕಿಟಕಿಯ ಸರಳು ಹಿಡಿದು ನಿಲ್ಲಬೇಕಿತ್ತು, ಅಂದರೆ ಅರ್ಧ ಭಾರ ಕೈಮೇಲೆ. ಮತ್ತು ಅಜ್ಜ ಸುಮ್ಮನೆ ಮಲಗುತ್ತಿರಲಿಲ್ಲ, "ಅಲ್ಲಿ ಬ್ಯಾಡ, ತುಸು ಮ್ಯಾಲ, ಹಾಂ, ಈಗ ಹಗೂರ" ಎಂದು ಹೇಳುತ್ತಲೇ ಇರುತ್ತಿದ್ದರು. ಬೆನ್ನುಮೂಳೆಯ ಮೇಲೆ ಮಕ್ಕಳನ್ನು ನಿಲ್ಲಿಸಿಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ, ವಯಸ್ಸಾದ ಮೂಳೆಗೆ ಅದು ಒಳ್ಳೆಯದಲ್ಲ. ಆದರೆ ಭಾರ ಕಡಿಮೆ ಇರಲಿ, ಹೆಚ್ಚುಕಡಿಮೆ ಮಾಡುವ ಹಿಡಿತ ನಮ್ಮ ಕೈಯಲ್ಲಿರಲಿ, ಮೈ ಹೇಳುವುದನ್ನು ಕೇಳುತ್ತಿರೋಣ ಎನ್ನುವ ಮೂರೂ ಮಾತು ರೋಲರಿಗೂ ಹಾಗೆಯೇ ಒಪ್ಪುತ್ತವೆ.

ಈಗ ಆ ಗಂಟಿನ ವಿಷಯ. ರೋಲರ್ ಮಾರುವವರು, ಕೆಲವು ತರಬೇತುದಾರರು ಕೂಡ, ಸ್ನಾಯುವಿನ ಸುತ್ತಲಿನ ಫ್ಯಾಸಿಯಾ ಎಂಬ ಪೊರೆ ಅಂಟಿಕೊಂಡಿರುತ್ತದೆ, ಜೋರಾಗಿ ಉಜ್ಜಿದರೆ ಅದು ಬಿಡಿಸಿಕೊಳ್ಳುತ್ತದೆ ಎನ್ನುತ್ತಾರೆ. ಕೇಳಲು ಸರಿಯೆನಿಸುತ್ತದೆ. ಚಪಾತಿ ಹಿಟ್ಟನ್ನು ಲಟ್ಟಣಿಗೆಯಲ್ಲಿ ಲಟ್ಟಿಸಿದ ಹಾಗೆ. ಆದರೆ ನಮ್ಮ ಮೈ ಕಣಕವಲ್ಲ. 2008ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇದರ ಗಣಿತ ಪ್ರಕಟವಾಯಿತು. ತೊಡೆಯ ಹೊರಬದಿಯ ದಪ್ಪ ಪೊರೆಯನ್ನು ಶೇಕಡಾ 1ರಷ್ಟು ಅದುಮಿ, ಶೇಕಡಾ 1ರಷ್ಟು ಜರುಗಿಸಲು 900 ಕಿಲೋಗಿಂತ ಹೆಚ್ಚಿನ ಭಾರ ಬೇಕು ಎಂದು ಆ ಲೆಕ್ಕ ಹೇಳಿತು. ಒಂದು ಸಣ್ಣ ಕಾರಿನಷ್ಟು. ಅಷ್ಟು ಭಾರ ಬೀಳುವ ಮೊದಲೇ ಕೆಳಗಿನ ಸ್ನಾಯು, ರಕ್ತನಾಳಗಳ ಗತಿ ಏನಾಗುತ್ತದೆ ಎಂದು ಊಹಿಸಿಕೊಳ್ಳಿ. ಮೂಗಿನ ತುದಿಯ ತೆಳುವಾದ ಪೊರೆಯ ವಿಷಯ ಬೇರೆ, ಅದು ಕೈಗೆ ಬಗ್ಗುತ್ತದೆ. ತೊಡೆಯದು ಮತ್ತು ಅಂಗಾಲಿನದು ಬಗ್ಗುವುದಿಲ್ಲ.

ಹಾಗಾದರೆ ರೋಲರ್ ಮಾಡಿದ ಮೇಲೆ ಕಾಲು ಹಗುರವಾಗುವುದು ಸುಳ್ಳೇ? ಅಲ್ಲ. ನಿಜವಾಗಿಯೂ ಹಗುರವಾಗುತ್ತದೆ, ಬಾಗುವಿಕೆ ಹೆಚ್ಚುತ್ತದೆ, ಓಟದ ಮರುದಿನದ ನೋವು ತುಸು ತಗ್ಗುತ್ತದೆ. ಆದರೆ ಅದರ ಬಹುಪಾಲು ನಡೆಯುವುದು ನರಗಳ ಮೂಲಕ. ಚರ್ಮ ಮತ್ತು ಸ್ನಾಯುವಿನಲ್ಲಿರುವ ಸಂವೇದಕಗಳು ಹದವಾದ ಒತ್ತಡವನ್ನು ಮೆದುಳಿಗೆ ತಿಳಿಸುತ್ತವೆ, ಮೆದುಳು ಆ ಜಾಗದ ಬಿಗಿಯನ್ನೂ ನೋವಿನ ದೂರನ್ನೂ ಸ್ವಲ್ಪ ಹೊತ್ತು ತಗ್ಗಿಸುತ್ತದೆ. ಕೆನಡಾದ ಮೆಮೋರಿಯಲ್ ವಿಶ್ವವಿದ್ಯಾಲಯದವರು 2015ರಲ್ಲಿ ಒಂದು ಸ್ವಾರಸ್ಯಕರ ಪ್ರಯೋಗ ಮಾಡಿದರು. ಒಂದು ಕಾಲಿನ ಮೀನಖಂಡದಲ್ಲಿ ನೋಯುವ ಜಾಗವನ್ನು ಗುರುತಿಸಿ, ಇನ್ನೊಂದು ಕಾಲಿನ ಮೀನಖಂಡವನ್ನು ರೋಲರಿನಿಂದ ಉಜ್ಜಿದರು. ಮುಟ್ಟದೇ ಇದ್ದ ಕಾಲಿನ ನೋವೂ ಕಡಿಮೆಯಾಯಿತು. ಎಡಗಾಲು ಉಜ್ಜಿದರೆ ಬಲಗಾಲಿನ ಗಂಟು ಒಡೆಯಲು ಸಾಧ್ಯವಿಲ್ಲವಲ್ಲ! ಕೆಲಸ ಮೇಲೆ, ತಲೆಯಲ್ಲಿ ನಡೆದಿದೆ.

ಅದೇ ವಿಶ್ವವಿದ್ಯಾಲಯದವರ ಇನ್ನೊಂದು ಪುಟ್ಟ ಅಧ್ಯಯನ 2018ರಲ್ಲಿ ಬಂತು. ಅದನ್ನು ನಾನು ಕ್ಲಿನಿಕ್ಕಿನಲ್ಲಿ ವಾರಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತೇನೆ. ತೊಡೆಯ ಮುಂಭಾಗದ ಸ್ನಾಯುವನ್ನು ಮೂರು ಬೇರೆ ಬೇರೆ ಬಲದಲ್ಲಿ ರೋಲ್ ಮಾಡಿದರು. ನೋವನ್ನು 10ಕ್ಕೆ ಅಳೆದರೆ ಮೊದಲನೆಯದು ಸುಮಾರು 4, ಎರಡನೆಯದು 6, ಮೂರನೆಯದು 8. ಮೂರರಲ್ಲೂ ಕಾಲಿನ ಬಾಗುವಿಕೆ ಹೆಚ್ಚಿತು. ಆದರೆ 8ರಲ್ಲಿ ಒತ್ತಿಸಿಕೊಂಡವರಿಗೆ 4ರವರಿಗಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ. ಟವೆಲ್ ಕಚ್ಚಿಕೊಂಡಿದ್ದ ಬ್ಯಾಂಕಿನವರಿಗೆ ಇದನ್ನು ಹೇಳಿದಾಗ, "ಅಂದ್ರ ಇಷ್ಟ್ ದಿನ ಸುಮ್ನ ಬ್ಯಾನಿ ತಿಂದ್ನೇನ್ರೀ?" ಎಂದು ಕೇಳಿದರು. ಅವರ ಹೆಂಡತಿ ನಕ್ಕಿದ್ದನ್ನು ನಾನು ನೋಡದವಳಂತೆ ಇದ್ದೆ.

ಹಾಗಾಗಿ ನಾನು ಹೇಳುವ ಹದ ಇದು: 10ರಲ್ಲಿ 4ರಿಂದ 6. ಒತ್ತುತ್ತಿದೆ ಎಂದು ಚೆನ್ನಾಗಿ ತಿಳಿಯಬೇಕು, ಸ್ವಲ್ಪ ಹಿತವಾದ ನೋವಿದ್ದರೂ ಅಡ್ಡಿಯಿಲ್ಲ. 7 ದಾಟಬಾರದು. ಅಂಕಿ ಕೊಡಲು ಕೆಲವರಿಗೆ ಬರುವುದಿಲ್ಲ, ಮೂರು ಎನ್ನುತ್ತಲೇ ಮುಖ ಕಿವುಚುತ್ತಾರೆ. ಅಂಥವರಿಗೆ ಉಸಿರಿನ ಲೆಕ್ಕ ಹೇಳುತ್ತೇನೆ. ಮೂಗಿನಿಂದ ನಿಧಾನ ಉಸಿರಾಡುತ್ತ, ಪಕ್ಕದವರ ಜೊತೆ ಮಾತಾಡುತ್ತ ರೋಲರ್ ಮಾಡಲು ಆಗುತ್ತಿದ್ದರೆ ಭಾರ ಸರಿಯಿದೆ. ಉಸಿರು ಬಿಗಿ ಹಿಡಿದಿರಿ, ಹಲ್ಲು ಕಚ್ಚಿದಿರಿ, ಕಾಲ್ಬೆರಳು ಮುದುಡಿದಿರಿ ಎಂದರೆ ಮೈ ತನ್ನನ್ನು ಕಾಪಾಡಿಕೊಳ್ಳಲು ಹೊರಟಿದೆ. ಸ್ನಾಯು ಸಡಿಲವಾಗುವ ಬದಲು ಇನ್ನಷ್ಟು ಬಿಗಿಯಾಗುತ್ತದೆ. ಸಡಿಲಿಸಲು ಹೋಗಿ ಬಿಗಿ ಮಾಡಿಕೊಂಡಂತಾಯಿತು. ಇನ್ನೊಂದು ಪರೀಕ್ಷೆ ಮರುದಿನದ್ದು. ರೋಲರ್ ಮಾಡಿದ ಜಾಗ ಮುಟ್ಟಿದರೆ ನೋಯುತ್ತಿದೆ, ಬಣ್ಣ ತಿರುಗಿದೆ ಎಂದರೆ ಹಿಂದಿನ ದಿನ ಭಾರ ಹೆಚ್ಚಾಗಿತ್ತು, ಆಗ ಗೊತ್ತಾಗದಿದ್ದರೂ ಕೂಡ. ಕಲೆ ಮಾಯುವವರೆಗೆ ಆ ಜಾಗಕ್ಕೆ ರಜೆ.

ಭಾರ ಎಷ್ಟು ಬೇಗ ಏರುತ್ತದೆ ಎಂಬುದು ಬಹಳ ಜನಕ್ಕೆ ಅಂದಾಜಿಲ್ಲ. ಅದನ್ನು ತೋರಿಸಲು ನಾನು ಮನೆಯ ತೂಕದ ಮಷಿನ್ ಬಳಸುತ್ತೇನೆ. ಮಷಿನ್ ನೆಲದ ಮೇಲೆ, ಅದರ ಮೇಲೆ ರೋಲರ್, ರೋಲರಿನ ಮೇಲೆ ಮೀನಖಂಡ. ನಾನು ತೂಗುವುದು ಸುಮಾರು 60 ಕಿಲೋ. ನೆಲದ ಮೇಲೆ ಕೂತು ಒಂದು ಕಾಲನ್ನು ಸುಮ್ಮನೆ ರೋಲರಿನ ಮೇಲಿಟ್ಟರೆ ಮಷಿನ್ 6 ಕಿಲೋ ಆಸುಪಾಸು ತೋರಿಸುತ್ತದೆ. ಇನ್ನೊಂದು ಕಾಲನ್ನು ಅದರ ಮೇಲೆ ಅಡ್ಡ ಹಾಕಿದರೆ ಅದರ ಎರಡರಷ್ಟು. ಕೈಗಳನ್ನು ಹಿಂದೆ ಊರಿ ಪೃಷ್ಠವನ್ನು ಮೇಲೆತ್ತಿದರೆ 20 ದಾಟುತ್ತದೆ. ರೋಲರ್ ಅದೇ, ಕಾಲು ಅದೇ, ಭಾರ ಮೂರು ಪಟ್ಟಿಗೂ ಮಿಗಿಲು. ಯೂಟ್ಯೂಬಿನಲ್ಲಿ ತೋರಿಸುವುದು ಹೆಚ್ಚಾಗಿ ಈ ಕೊನೆಯ ಭಂಗಿಯನ್ನೇ, ಯಾಕೆಂದರೆ ನೋಡಲು ಅದು ವ್ಯಾಯಾಮದ ಹಾಗೆ ಕಾಣುತ್ತದೆ. ಹೊಸಬರು ಶುರುಮಾಡಬೇಕಾದದ್ದು ಮೊದಲ ಭಂಗಿಯಲ್ಲಿ.

ರೋಲರಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಒತ್ತಡವೆಂದರೆ ಭಾರವನ್ನು ಜಾಗದಿಂದ ಭಾಗಿಸಿದ್ದು, ಇದು ಒಂಬತ್ತನೇ ಇಯತ್ತೆಯ ಪಾಠ. ನುಣುಪಾದ ಮೆತ್ತನೆಯ ರೋಲರ್ ಮೈಗೆ ಅಗಲವಾಗಿ ತಾಗುತ್ತದೆ, ಭಾರ ಹಂಚಿಹೋಗುತ್ತದೆ. ಒಳಗೆ ಪ್ಲಾಸ್ಟಿಕ್ ಕೊಳವೆ, ಹೊರಗೆ ಗುಬುಟುಗಳಿರುವ ಗಟ್ಟಿ ರೋಲರಿನಲ್ಲಿ ಅದೇ ಭಾರ ನಾಲ್ಕಾರು ಚುಕ್ಕಿಗಳ ಮೇಲೆ ಬೀಳುತ್ತದೆ. ಚೆಂಡಾದರೆ ಒಂದೇ ಚುಕ್ಕಿ. ನುಣುಪಿನದ್ದನ್ನೇ ಕೊಳ್ಳಿ. ಗಟ್ಟಿಯದು ಈಗಾಗಲೇ ಮನೆಯಲ್ಲಿದ್ದರೆ ದಪ್ಪ ಟವೆಲ್ ಸುತ್ತಿ, ಅಷ್ಟೇ.

ಎಷ್ಟು ಹೊತ್ತು? ಒಂದು ಸ್ನಾಯುವಿಗೆ ಒಂದರಿಂದ ಒಂದೂವರೆ ನಿಮಿಷ ಸಾಕು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಮೂರು ನಾಲ್ಕು ಸೆಕೆಂಡ್ ತೆಗೆದುಕೊಳ್ಳಿ. ಹೋಳಿಗೆ ಲಟ್ಟಿಸುವವರ ಕೈ ನೋಡಿದ್ದೀರಲ್ಲ, ಒತ್ತಿದರೆ ಹೂರಣ ಹೊರಗೆ ಬರುತ್ತದೆಂದು ಗೊತ್ತಿರುವ ಕೈ, ಆ ಓಟ. ಹೆಚ್ಚು ನೋಯುವ ಜಾಗ ಸಿಕ್ಕಿದರೆ ಅಲ್ಲೇ ಇಪ್ಪತ್ತು ಮೂವತ್ತು ಸೆಕೆಂಡ್ ನಿಂತು ಉಸಿರು ಬಿಡಿ. ನೋವು ಕರಗುತ್ತ ಬಂದರೆ ಸರಿ. ಏರುತ್ತ ಹೋದರೆ ಅಲ್ಲಿಂದ ಎದ್ದುಬಿಡಿ. ಜುಮ್ಮೆನ್ನುವುದು, ಕರೆಂಟ್ ಹೊಡೆದಂತಾಗುವುದು, ಮರಗಟ್ಟುವುದು ಸ್ನಾಯುವಿನ ಭಾಷೆಯಲ್ಲ, ನರದ್ದು. ಆಗ ಮೂವತ್ತು ಸೆಕೆಂಡ್ ಕಾಯುವುದೂ ಬೇಡ.

ಜಾಗಗಳ ವಿಷಯಕ್ಕೆ ಬಂದರೆ, ಅತಿ ಹೆಚ್ಚು ನೀಲಿ ಕಲೆ ನೋಡುವುದು ತೊಡೆಯ ಹೊರಬದಿಯಲ್ಲಿ ಎಂದೆನಲ್ಲ, ಅದರ ಕತೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೊಂಟದಿಂದ ಮೊಣಕಾಲಿನ ಕೆಳಗಿನ ತನಕ ಇಳಿಯುವ ಐಟಿ ಬ್ಯಾಂಡ್ ಎಂಬ ಪಟ್ಟಿ ಓಟಗಾರರಿಗೆಲ್ಲ ಪರಿಚಿತ ಹೆಸರು. ಮೊಣಕಾಲಿನ ಹೊರಬದಿ ನೋವು ಬಂದಾಗ ಪಟ್ಟಿ ಬಿಗಿಯಾಗಿದೆ, ಉಜ್ಜಿ ಉದ್ದ ಮಾಡಬೇಕು ಎನ್ನುತ್ತಾರೆ. ಆ ಪಟ್ಟಿ ಸ್ನಾಯುವೇ ಅಲ್ಲ, ಮೇಲೆ ಹೇಳಿದ 900 ಕಿಲೋ ಲೆಕ್ಕದ ಪೊರೆ ಅದೇ. ತೊಡೆಮೂಳೆಗೂ ಉದ್ದಕ್ಕೆ ಅಂಟಿಕೊಂಡಿದೆ. ಅದು ರೋಲರಿನಿಂದ ಉದ್ದವಾಗುವುದಿಲ್ಲ. ಆಗುವುದೇನೆಂದರೆ, ಅದರ ಅಡಿಯಲ್ಲಿರುವ ತೊಡೆಯ ಹೊರ ಸ್ನಾಯು ಕೆಳಗಿನ ಮೂಳೆಗೂ ಮೇಲಿನ ರೋಲರಿಗೂ ನಡುವೆ ಸಿಕ್ಕಿ ಜಜ್ಜುತ್ತದೆ. ಪಕ್ಕಕ್ಕೆ ಮಲಗಿದಾಗ ಅರ್ಧ ಮೈಭಾರವೇ ಅಲ್ಲಿ ಬೀಳುವುದರಿಂದ ಅದು 8, 9ರ ನೋವು. ಇನ್ನು ಮೊಣಕಾಲಿನ ಹತ್ತಿರದ ನೋವಿಗೆ ಕಾರಣವೇ ಅಲ್ಲಿನ ಕೊಬ್ಬಿನ ಪದರ ಒತ್ತಿಹೋಗಿರುವುದು ಎನ್ನುವಾಗ, ಅದರ ಮೇಲೆ ಮತ್ತೆ ಒತ್ತಿದರೆ ಏನು ಪುರುಷಾರ್ಥ? ಪಟ್ಟಿಯನ್ನು ಬಿಟ್ಟು, ಅದನ್ನು ಮೇಲಿನಿಂದ ಎಳೆಯುವ ಪೃಷ್ಠದ ಸ್ನಾಯುಗಳನ್ನು, ಸೊಂಟದ ಮುಂಬದಿಯ ಜೇಬಿನ ಜಾಗದ ಪುಟ್ಟ ಸ್ನಾಯುವನ್ನು ಹದವಾಗಿ ರೋಲ್ ಮಾಡಿ. ಓಟದ ದೂರ ಕೆಲವು ವಾರ ಕಡಿಮೆ ಮಾಡಿ. ಸೊಂಟದ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ ಶುರುಮಾಡಿ. ಇದು ರೋಲರಿಗಿಂತ ನಿಧಾನ, ಆದರೆ ನೋವು ಹೋಗುವುದು ಇದರಿಂದ.

ತೊಡೆಯ ಮುಂಭಾಗ, ಹಿಂಭಾಗ ಸುಲಭ. ಮೊಣಕೈ ಊರಿ ಭಾರ ಹಂಚಿಕೊಳ್ಳಿ, ಮೊಣಕಾಲಿನ ಚಿಪ್ಪಿನ ಮೇಲೆ ಹತ್ತಬೇಡಿ. ಬೆನ್ನಿನಲ್ಲಿ ಭುಜದ ಎಲುಬುಗಳ ಮಟ್ಟದಿಂದ ಪಕ್ಕೆಲುಬು ಮುಗಿಯುವವರೆಗೆ ಸರಿ, ಪೃಷ್ಠ ನೆಲಕ್ಕೆ ತಾಗಿರಲಿ. ಕೆಳಬೆನ್ನಿಗೆ ಪಕ್ಕೆಲುಬುಗಳ ಆಸರೆಯಿಲ್ಲ, ರೋಲರ್ ಮೇಲೆ ಮಲಗಿದರೆ ಸೊಂಟ ಹಿಂದಕ್ಕೆ ಬಾಗಿ ಇನ್ನಷ್ಟು ಬಿಗಿಯುತ್ತದೆ. ಅಲ್ಲಿಗೆ ಗೋಡೆ ಮತ್ತು ಮೆತ್ತನೆಯ ಚೆಂಡು, ಬೆನ್ನುಮೂಳೆಯ ಎರಡು ಪಕ್ಕ ಮಾತ್ರ. ಕತ್ತಿಗೆ ಬೇಡ. ಅಂಗಾಲಿಗೆ ಚೆಂಡು ಉರುಳಿಸುವವರು ಕುರ್ಚಿಯಲ್ಲಿ ಕೂತು ಮಾಡಿ, ನಿಂತು ಮಾಡಿದರೆ ಭಾರ ಕೈಮೀರುತ್ತದೆ.

ಮುಟ್ಟಲೇಬಾರದ ಜಾಗಗಳೂ ಇವೆ. ಮೊಣಕಾಲಿನ ಹಿಂದಿನ ಗುಳಿಯಲ್ಲಿ ಕಾಲಿನ ಮುಖ್ಯ ರಕ್ತನಾಳವೂ ನರವೂ ಹೆಚ್ಚು ರಕ್ಷಣೆಯಿಲ್ಲದೆ ಹಾದುಹೋಗುತ್ತವೆ. ತೊಡೆಸಂದಿಯಲ್ಲೂ ಹಾಗೆಯೇ. ಮೊಣಕಾಲಿನ ಹೊರಬದಿಯಲ್ಲಿ ಸ್ವಲ್ಪ ಕೆಳಗೆ ಗುಂಡಿಯಂತೆ ಕೈಗೆ ಸಿಗುವ ಒಂದು ಮೂಳೆಯಿದೆ, ಈಗಲೇ ಮುಟ್ಟಿ ನೋಡಿಕೊಳ್ಳಿ. ಅದರ ಬುಡವನ್ನು ಸುತ್ತಿ ಹೋಗುವ ನರ ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ ಸೇರಿದ್ದು. ಅಲ್ಲಿ ಹೆಚ್ಚು ಹೊತ್ತು ಒತ್ತಿದರೆ ಪಾದ ಎತ್ತಲಾಗದೆ ಎಳೆಯುವಂತಾಗಬಹುದು.

ಇಷ್ಟು ಹೊತ್ತು ಎಷ್ಟು ಭಾರ ಎಂದು ಹೇಳಿದೆ. ಕೆಲವು ಸಲ ಉತ್ತರ ಸೊನ್ನೆ. ಹೊರನಾಡಿನಲ್ಲಿರುವ ನಮಗೆ ಇದು ವಿಶೇಷವಾಗಿ ಗೊತ್ತಿರಬೇಕು, ಯಾಕೆಂದರೆ ಊರಿಗೆ ಹೋಗಿ ಬರುವುದು ನಮ್ಮ ಬದುಕಿನ ಭಾಗ. ಮುಂಬಯಿಯಿಂದ ಮಂಗಳೂರು, ಕುಂದಾಪುರಕ್ಕೆ ರಾತ್ರಿ ಬಸ್ಸು, ದೆಹಲಿಯಿಂದ ಬೆಂಗಳೂರಿಗೆ ಒಂದೂವರೆ ದಿನದ ರೈಲು. ಹಬ್ಬಕ್ಕೆ, ಮದುವೆಗೆ, ಕೋಲಕ್ಕೆ, ಜಾತ್ರೆಗೆ ಗಂಟೆಗಟ್ಟಲೆ ಕಾಲು ಮಡಚಿ ಕೂತು ಹೋಗುತ್ತೇವೆ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಒಬ್ಬರು ಬಂದರು. ಠಾಣೆ ಕಡೆ ಹೋಟೆಲು ನಡೆಸುವವರು, ಕುಂದಾಪುರದ ಬದಿಯವರು, ಐವತ್ತೈದರ ಆಸುಪಾಸು. ಊರಿನಲ್ಲಿ ಅಣ್ಣನ ಮಗಳ ಮದುವೆ ಮುಗಿಸಿ ಬಸ್ಸಿನಲ್ಲಿ ವಾಪಸು ಬಂದು ನಾಲ್ಕು ದಿನವಾಗಿತ್ತು. ಎಡ ಮೀನಖಂಡ ನೋವು. "ಮಸಲ್ ಹಿಡ್ಕೊಂಡದ್ದು ಮಾರಾಯ್ರೆ, ಬಸ್ಸಲ್ಲಿ ಕೂತು ಕೂತು. ಮಗ ರೋಲರ್ ತಂದು ಕೊಟ್ಟಿದ್ದಾನೆ. ಮೂರು ದಿನ ಆಯ್ತು ಮಾಡ್ಲಿಕ್ಕೆ ಸುರು ಮಾಡಿ, ಕಡಿಮೆ ಆಗುದೇ ಇಲ್ಲ. ನೀವು ಸ್ವಲ್ಪ ಜೋರು ಒತ್ತಿ ಕೊಡಿ" ಎಂದರು.

ಪ್ಯಾಂಟು ಮೇಲೆ ಮಡಚಲು ಹೇಳಿದೆ. ಎಡಗಾಲು ಬಲಗಾಲಿಗಿಂತ ದಪ್ಪವಾಗಿತ್ತು. ಟೇಪು ಹಿಡಿದು ಅಳೆದರೆ ಮೂರು ಸೆಂಟಿಮೀಟರಿಗೂ ಹೆಚ್ಚಿನ ವ್ಯತ್ಯಾಸ. ಮುಟ್ಟಿದರೆ ಬೆಚ್ಚಗಿತ್ತು, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. "ಅಣ್ಣ, ಇದನ್ನು ನಾನು ಒತ್ತುವುದಿಲ್ಲ. ನೀವೂ ಇನ್ನು ಮುಟ್ಟಬೇಡಿ. ಇಲ್ಲಿಂದಲೇ ಆಸ್ಪತ್ರೆಗೆ ಹೋಗಿ ಡಾಪ್ಲರ್ ಮಾಡಿಸಿ" ಎಂದೆ. ಅವರಿಗೆ ಸಿಟ್ಟು ಬಂತು. ಸಂಜೆ ಹೋಟೆಲಿನಲ್ಲಿ ಗಿರಾಕಿಗಳು ಹೆಚ್ಚು, ನಾಳೆ ಹೋಗುತ್ತೇನೆ ಎಂದರು. ನಾನು ಅವರ ಮಗನಿಗೆ ಅವರ ಎದುರೇ ಫೋನ್ ಮಾಡಿದೆ. ರಾತ್ರಿ ಮಗ ವಾಪಸು ಫೋನ್ ಮಾಡಿದ. ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು ಕಟ್ಟಿತ್ತು. ಅಂದೇ ದಾಖಲು ಮಾಡಿಕೊಂಡು ರಕ್ತ ತೆಳುವಾಗಿಸುವ ಔಷಧ ಶುರುಮಾಡಿದ್ದರು. ಅವರು ಈಗ ಚೆನ್ನಾಗಿದ್ದಾರೆ.

ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ತುಂಡು ಕಳಚಿಕೊಂಡರೆ ಅದು ಹೃದಯದ ಮೂಲಕ ಹೋಗಿ ಶ್ವಾಸಕೋಶದ ರಕ್ತನಾಳವನ್ನು ಮುಚ್ಚಬಹುದು. ಅದು ಜೀವಕ್ಕೇ ಸಂಚಕಾರ. ಮಾಲೀಶು, ರೋಲರ್, ಗಟ್ಟಿಯಾಗಿ ಒತ್ತುವುದು ಎಲ್ಲವೂ ಆ ಅಪಾಯವನ್ನು ಹತ್ತಿರ ತರುತ್ತವೆ. ತೊಂದರೆಯೆಂದರೆ ಇದರ ನೋವು ಶುರುವಿನಲ್ಲಿ ಸ್ನಾಯು ಹಿಡಿದ ನೋವಿನಂತೆಯೇ ಇರುತ್ತದೆ. ಹಾಗಾಗಿ ಗುರುತಿಟ್ಟುಕೊಳ್ಳಿ: ಒಂದೇ ಕಾಲು, ಊತ, ಬಿಸಿ, ಬಣ್ಣ ಕೆಂಪಾಗುವುದು. ಉದ್ದನೆಯ ಪ್ರಯಾಣ, ಆಪರೇಷನ್, ಪ್ಲಾಸ್ಟರ್, ಹೆರಿಗೆ, ಹಲವು ದಿನ ಹಾಸಿಗೆ ಹಿಡಿದ ಕಾಯಿಲೆ ಇವುಗಳ ನಂತರದ ದಿನಗಳಲ್ಲಿ ಇಂಥ ನೋವು ಬಂದರೆ ರೋಲರ್ ಅಟ್ಟದ ಮೇಲಿರಲಿ, ಮೊದಲು ವೈದ್ಯರು. ಜೊತೆಗೆ ಉಸಿರಾಟಕ್ಕೆ ಕಷ್ಟ, ಎದೆನೋವು ಬಂದರೆ ಬೆಳಗಾಗುವುದನ್ನು ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಅದೇ ರೀತಿ ಮ್ಯಾರಥಾನ್ ಮುಗಿದ ಮೇಲೆ ಒಂದೆರಡು ದಿನದಲ್ಲಿ ಸ್ನಾಯುಗಳು ವಿಪರೀತ ನೋಯುತ್ತ ಊದಿಕೊಂಡು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಬರೀ ಮೈಕೈ ನೋವಲ್ಲ. ಸ್ನಾಯು ಒಡೆದು ಅದರ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊರೆಯಾಗುತ್ತಿದೆ. ಅಲ್ಲಿ ಉಜ್ಜಲು ಹೋಗಬಾರದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಕೆಲವರಿಗೆ 4ರಿಂದ 6 ಎನ್ನುವ ಅಳತೆಗೋಲೇ ನಂಬುವಂಥದ್ದಲ್ಲ. ಹೃದಯಕ್ಕೋ ಪಾರ್ಶ್ವವಾಯುವಿಗೋ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ 4ರ ಒತ್ತಡಕ್ಕೂ ಒಳಗೆ ರಕ್ತ ಸೋರಬಹುದು. ಸಕ್ಕರೆ ಕಾಯಿಲೆ ಹಳೆಯದಾಗಿ ಪಾದ ಜೋಮು ಹಿಡಿದವರಿಗೆ ನೋವೇ ಸರಿಯಾಗಿ ತಿಳಿಯುವುದಿಲ್ಲ, 8ರ ಒತ್ತಡ ಅವರಿಗೆ 3ರಂತೆ ಅನಿಸುತ್ತದೆ. ಇವರು ವೈದ್ಯರನ್ನು ಕೇಳದೆ ರೋಲರ್ ಹತ್ತಬಾರದು. ಹೋಟೆಲುಗಳಲ್ಲಿ ಹತ್ತು ಹನ್ನೆರಡು ಗಂಟೆ ನಿಲ್ಲುವ ನಮ್ಮ ಜನರಲ್ಲಿ ಮೀನಖಂಡದ ಮೇಲೆ ಹಸಿರು ಬಳ್ಳಿಯಂತೆ ಉಬ್ಬಿದ ರಕ್ತನಾಳ ಬಹಳ ಸಾಮಾನ್ಯ. ಆ ಉಬ್ಬಿನ ಮೇಲೆ ರೋಲರ್ ಹಾಯಿಸಬಾರದು. ಅವರಿಗೆ ಕೆಲಸದ ನಡುವೆ ಹಿಮ್ಮಡಿ ಎತ್ತಿ ಇಳಿಸುವುದು, ರಾತ್ರಿ ಕಾಲಡಿಗೆ ದಿಂಬು ಇಟ್ಟು ಮಲಗುವುದು ಹೆಚ್ಚು ಉಪಕಾರಿ.

ಇಷ್ಟೆಲ್ಲ ಎಚ್ಚರಿಕೆ ಕೇಳಿದ ಮೇಲೆ ಈ ರೋಲರ್ ಬೇಕೇ ಎಂದು ನೀವು ಕೇಳಬಹುದು. 2019ರಲ್ಲಿ 21 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ, ಇದರ ಪರಿಣಾಮ ಇದೆ ಆದರೆ ಸಣ್ಣದು ಎಂದು ಹೇಳಿತು. ನನ್ನ ಅಭಿಪ್ರಾಯವೂ ಅದೇ. ಓಟಕ್ಕೆ ಮುಂಚೆ ಎರಡು ಮೂರು ನಿಮಿಷ ಮಾಡಿದರೆ ಮೈ ಸಲೀಸಾಗಿ ಬಾಗುತ್ತದೆ, ಆದರೆ ಆ ಸಲೀಸು ಇರುವುದು ಹತ್ತಿಪ್ಪತ್ತು ನಿಮಿಷವಷ್ಟೇ. ಅಷ್ಟರಲ್ಲಿ ಓಡಲು ಶುರುಮಾಡಿ. ಓಡಿ ಬಂದ ಮೇಲೆ ಮಾಡಿದರೆ ಮರುದಿನ ಮೆಟ್ಟಿಲು ಇಳಿಯುವಾಗಿನ ಗೋಳು ತುಸು ಕಡಿಮೆ. ಸಣ್ಣ ಲಾಭಕ್ಕೆ ಸಣ್ಣ ಬೆಲೆ ಕೊಡುವುದು ಸರಿ, ಕಣ್ಣೀರು ನೀಲಿ ಕಲೆಗಳ ಬೆಲೆ ದುಬಾರಿಯಾಯಿತು. ಸರಿಯಾದ ನಿದ್ದೆ, ವಾರವಾರ ಮೆಲ್ಲಗೆ ಏರುವ ದೂರ, ಬಲ ಕೊಡುವ ವ್ಯಾಯಾಮ ಇವುಗಳ ಬದಲಿಗೆ ರೋಲರ್ ಬರಲಾರದು.

ಕೊನೆಯದಾಗಿ, ಕ್ಲಿನಿಕ್ಕಿನಲ್ಲಿ ಬಹಳ ಸಲ ಕೇಳುವ ಒಂದು ಪ್ರಶ್ನೆ. "ಅಮ್ಮ ಊರಿನಿಂದ ಬಂದಿದ್ದಾರೆ, ಎಪ್ಪತ್ತು ವರ್ಷ, ನಾನು ಮಾಡುವುದನ್ನು ನೋಡಿ ತಾನೂ ಮಾಡುತ್ತೇನೆ ಎನ್ನುತ್ತಾರೆ." ಆ ವಯಸ್ಸಿಗೆ ಮೂಳೆ ಟೊಳ್ಳಾಗಿರುವ ಸಾಧ್ಯತೆ ಹೆಚ್ಚು, ನೆಲದ ಮೇಲೆ ಉರುಳುವುದು, ಬೆನ್ನಿಗೆ ರೋಲರ್ ಹಾಕುವುದು ಬೇಡ. ಅವರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಮೊದಲು ಚೀಟಿ ನೋಡಿ. ಅಡ್ಡಿಯಿಲ್ಲ ಎಂದು ವೈದ್ಯರು ಹೇಳಿದರೆ, ಗೋಡೆಗೂ ಭುಜದ ಹಿಂಬದಿಗೂ ನಡುವೆ ಒಂದು ಮೆತ್ತನೆಯ ಚೆಂಡು ಇಟ್ಟು ನಿಲ್ಲಿಸಿ. ಹೆಜ್ಜೆ ಗೋಡೆಯ ಹತ್ತಿರವಿದ್ದಷ್ಟೂ ಒತ್ತಡ ಕಡಿಮೆ. ನೀವು ಪಕ್ಕದಲ್ಲಿ ನಿಂತಿರಿ, ಮಾತಾಡಿಸುತ್ತಿರಿ. ಅವರು ಮಾತು ನಿಲ್ಲಿಸಿದರೆ ಅರ್ಧ ಹೆಜ್ಜೆ ಗೋಡೆಯ ಕಡೆಗೆ ಹಾಕಿಸಿ.